ಹಕ್ಕಳೆ ಉದುರುವ ತನಕ

"ಹಗೂರ್ಕ," ಎಂದ ಮುತ್ತುರಾಜ, ನೀರು ಇನ್ನೂ ತಲೆಗೆ ಬೀಳುವ ಮೊದಲೇ.

ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವನ ಹೆಂಡತಿ ಸುರೇಖಾ ಚಹಾ ಕುಡಿಯುವ ಲೋಟದಲ್ಲಿ ಉಗುರುಬೆಚ್ಚಗಿನ ನೀರು ಹಿಡಿದು ಹಿಂದೆ ನಿಂತಿದ್ದಳು. ತಂಬಿಗೆ ಬೇಡ, ಧಾರೆ ಜೋರಾಗಿ ಬೀಳುತ್ತದೆ ಎಂದು ಬಾಗಲಕೋಟೆಯ ಕ್ಲಿನಿಕ್ಕಿನ ನರ್ಸ್ ಐಶ್ವರ್ಯ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು. ಕೂದಲು ನೆಡಿಸಿಕೊಂಡು ಬಂದು ಅವತ್ತಿಗೆ ನಾಲ್ಕನೆಯ ದಿನ. ಮೊದಲ ಸಲ ತಲೆಗೆ ನೀರು ಹಾಕುವ ದಿನ. ಸುರೇಖಾ ಬೆಳಗಿನಿಂದ ಮೂರು ಸಲ ನೀರಿಗೆ ಮೊಣಕೈ ಅದ್ದಿ ನೋಡಿದ್ದಳು, ಹಸುಗೂಸಿಗೆ ಎರೆಯುವವರ ಹಾಗೆ.

ಹಣೆಯಿಂದ ನಡುನೆತ್ತಿಯ ತನಕ ಗಾಯ ಒಣಗಿ ಕಟ್ಟಿದ ಎರಡು ಸಾವಿರದ ನಾಲ್ಕುನೂರು ಹಕ್ಕಳೆಗಳಿದ್ದವು. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು, ಒಂದೊಂದರ ನಡುವಿನಿಂದಲೂ ಒಂದು ಚೂರು ಕೂದಲು ಎದ್ದು ನಿಂತಿತ್ತು. ಮಗ್ಗುಲು, ಹಿಂಬದಿ ಎಲ್ಲ ನುಣ್ಣಗೆ ಬೋಳಿಸಿ, ಅಲ್ಲಿಂದ ಬೇರು ಕಿತ್ತು ಇಲ್ಲಿ ನೆಟ್ಟಿದ್ದರು. ಕಂಡವರಿಗೆ ಮೈ ಜುಮ್ಮೆನ್ನಬೇಕು, ಹಾಗಿತ್ತು ಆ ತಲೆ. ಸುರೇಖಾಳಿಗೆ ಮಾತ್ರ ಹಾಗೇನೂ ಅನ್ನಿಸಲಿಲ್ಲ. ಸುಳ್ಳೇಕೆ ಹೇಳಬೇಕು, ಅವಳಿಗೆ ಖುಷಿಯೇ ಆಗಿತ್ತು. ಗಂಡನ ತಲೆ ಮುಟ್ಟಿ ಅವಳಿಗೆ ಮೂರು ವರ್ಷವಾಗಿತ್ತು.

ನೀರು ಹನಿಹನಿಯಾಗಿ ಇಳಿಸಿದಳು. ಕೂಸುಗಳಿಗೆ ಹಾಕುವ ಶಾಂಪೂವನ್ನು ಅಂಗೈಯಲ್ಲಿ ನೊರೆ ಮಾಡಿ, ಆ ನೊರೆಯನ್ನಷ್ಟೇ ಹಕ್ಕಳೆಗಳ ಮೇಲೆ ಇಟ್ಟಳು. ತಿಕ್ಕುವ ಹಾಗಿರಲಿಲ್ಲ, ಒತ್ತುವ ಹಾಗಿರಲಿಲ್ಲ. ಮುತ್ತುರಾಜ ಕಣ್ಣು ಮುಚ್ಚಿಕೊಂಡಿದ್ದ. ಉರಿಯುತ್ತದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದ. ಸ್ವಲ್ಪ ಹೊತ್ತಿಗೆ, ಯಾರೂ ಕೇಳದೆ ತಾನಾಗಿಯೇ, "ನಿನ್ನ ಕೈ ಛಲೋ ಅದಾವು," ಎಂದ. ಅಷ್ಟೇ ಮಾತು. ಅದನ್ನು ಅವಳು ಆ ದಿನವೆಲ್ಲ ಬಾಯಲ್ಲಿ ಬೆಲ್ಲದ ಚೂರಿನ ಹಾಗೆ ಇಟ್ಟುಕೊಂಡು ಓಡಾಡಿದಳು.

ಮದುವೆಯಾಗಿ ಒಂಬತ್ತು ವರ್ಷ. ಮುತ್ತುರಾಜ ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಮೇಸ್ತ್ರಿ. ಕುಡಿಯುವವನಲ್ಲ, ಹೊಡೆಯುವವನಲ್ಲ. ಎರಡು ಸಲ ಸುರೇಖಾಳ ಹೊಟ್ಟೆಯಲ್ಲಿ ನಿಂತದ್ದು ನಿಲ್ಲದೆ ಹೋಯಿತು. ಎರಡನೆಯದು ಹೋದ ಮೇಲೆ ಅವನು ತನ್ನ ಹಾಸಿಗೆಯನ್ನು ಪಡಸಾಲೆಗೆ ಒಯ್ದ. ಕಾರ್ಖಾನೆಯ ಧೂಳು ಮೈಗೆ ಹತ್ತಿರುತ್ತದೆ, ನಿನಗೆ ಕೆಮ್ಮು ಬರುತ್ತದೆ ಎಂದು ನೆಪ ಹೇಳಿದ. ಆಮೇಲೆ ಧೂಳು ಹತ್ತದ ದಿನವೂ ಹಾಸಿಗೆ ಒಳಗೆ ಬರಲಿಲ್ಲ. ಜಗಳವಾಗಿದ್ದರೆ ಅದು ಮುಗಿಯುವುದಕ್ಕೆ ಒಂದು ದಾರಿಯಾದರೂ ಇರುತ್ತಿತ್ತು. ಇಲ್ಲಿ ಜಗಳವೇ ಇರಲಿಲ್ಲ. ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದ, ರೊಟ್ಟಿ ಸಾಕು ಎನ್ನುತ್ತಿದ್ದ, ಹೋಗುತ್ತಿದ್ದ. ಅತ್ತೆ ರಾಮವ್ವನಂತೂ ಸೊಸೆಯ ಜೊತೆ ಮಾತಾಡುವುದನ್ನೇ ಬಿಟ್ಟು, ಸೊಸೆಗೆ ಕೇಳಿಸುವ ಹಾಗೆ ಎಮ್ಮೆಯ ಜೊತೆ ಮಾತಾಡುತ್ತಿದ್ದಳು.

ಅಂಥವನು ಒಂದು ದಿನ ಉಣ್ಣುತ್ತ ಉಣ್ಣುತ್ತ, ತಲೆಗೆ ಕೂದಲು ನೆಡಿಸಿಕೊಳ್ಳುತ್ತೇನೆ, ನೀನೂ ಬಾ, ಆಮೇಲೆ ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕಂತೆ ಎಂದ. ಮೂವತ್ತಕ್ಕೇ ಮುಂದಲೆ ಬೋಳಾಗಿದ್ದರೂ ಅದರ ಬಗ್ಗೆ ಅವನು ತಲೆ ಕೆಡಿಸಿಕೊಂಡಿದ್ದನ್ನು ಅವಳು ಕಂಡಿರಲಿಲ್ಲ. ಟೋಪಿ ಹಾಕಿಕೊಂಡು ಹೋಗುತ್ತಿದ್ದ, ಮುಗಿಯಿತು. ಈಗೇಕೆ? ಕೇಳಲಿಲ್ಲ. 'ನೀನೂ ಬಾ' ಎಂದದ್ದೇ ಅವಳಿಗೆ ಸಾಕಾಗಿತ್ತು. ಮದುವೆಯಲ್ಲಿ ತವರಿನವರು ಕೊಟ್ಟ ಸೀರೆ ಉಟ್ಟುಕೊಂಡು ಬಸ್ಸು ಹತ್ತಿದಳು. ಬಾಗಲಕೋಟೆಯ ವಿದ್ಯಾಗಿರಿಯ ಆ ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ಬೆಳಗಿನ ಒಂಬತ್ತರಿಂದ ದೀಪ ಹಚ್ಚುವ ಹೊತ್ತಿನ ತನಕ ಕೂತಳು. ಅವನು ಕಾಗದಪತ್ರ ಬರೆಸುವಾಗ ಮಾತ್ರ ಬಾಟಲಿಗೆ ನೀರು ತುಂಬಿಸಲು ಕೆಳಗೆ ಹೋಗಿದ್ದಳು, ಅವನೇ ಕಳಿಸಿದ್ದ.

ಅವಳ ಈ ಖುಷಿ ಮೊದಲು ಕಣ್ಣಿಗೆ ಬಿದ್ದದ್ದು ಪಕ್ಕದ ಮನೆಯ ಶಮಶಾದಬಿಗೆ. ಶಮಶಾದಬಿಯ ಮನೆಯಲ್ಲಿ ಎರಡು ಕೈಮಗ್ಗ. ಸುರೇಖಾ ದಿನಾ ಮಧ್ಯಾಹ್ನ ಅಲ್ಲಿ ಕೊಂಡಿ ಹಾಕಲು ಹೋಗುತ್ತಿದ್ದಳು. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಮೈಯ ಎಳೆಯ ತುದಿಗೆ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಕುಣಿಕೆ ಹಾಕಿ ಸೇರಿಸಬೇಕು. ಹೀಗೆ ಸಾವಿರಾರು ಎಳೆ, ಒಂದೊಂದೇ, ಬೆರಳಿಗೆ ಬೂದಿ ಹಚ್ಚಿಕೊಂಡು. ಜೋರಾಗಿ ಎಳೆದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ, ಒಂದು ತಪ್ಪಿದರೂ ಸೆರಗಿನುದ್ದಕ್ಕೂ ಗೆರೆ ಬೀಳುತ್ತದೆ. ಓಣಿಯಲ್ಲಿ ಸುರೇಖಾಳ ಕೊಂಡಿಗೆ ಹೆಸರಿತ್ತು.

"ಏನವಾ, ಗಂಡಗ ಮತ್ತ ಹರೇ ಬಂತು," ಎಂದಳು ಶಮಶಾದಬಿ, ಎಳೆಯಿಂದ ಕಣ್ಣೆತ್ತದೆ. "ಇನ್ನ ಪಡಸಾಲ್ಯಾಗಿನ ಹಾಸಿಗಿ ಒಳಗ ಬರೂದೊಂದ ಬಾಕಿ."

ಸುರೇಖಾ ಹುಸಿಮುನಿಸು ತೋರಿಸಿದಳು. ಆದರೆ ಅದನ್ನೇ ಅಲ್ಲವೇ ಅವಳೂ ಎಣಿಸುತ್ತಿದ್ದದ್ದು? ಹತ್ತು ದಿನ. ಹತ್ತನೆಯ ದಿನಕ್ಕೆ ಹಕ್ಕಳೆ ಉದುರುತ್ತವೆ ಎಂದು ಡಾಕ್ಟರು ಹೇಳಿದ್ದರು. ಆ ಹತ್ತು ದಿನದಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು: ಗಂಡ ಹೊಳ್ಳಿ ತನ್ನವನಾಗಬೇಕು.

ಅದಕ್ಕೆ ತಕ್ಕ ಹಾಗೆ ದಿನಗಳೂ ಕೂಡಿಬಂದಿದ್ದವು. ಅವನು ಬಗ್ಗುವ ಹಾಗಿರಲಿಲ್ಲ, ರಕ್ತ ತಲೆಗೆ ಇಳಿಯುತ್ತದೆ. ಚಪ್ಪಲಿ ಅವಳೇ ಕಾಲಿಗೆ ಸರಿಸಬೇಕು. ಬನಿಯನ್ನು ತಲೆಯ ಮೇಲಿಂದ ಹಾಕುವ ಹಾಗಿರಲಿಲ್ಲ. ಗುಂಡಿಯ ಅಂಗಿ, ಗುಂಡಿ ಅವಳೇ ಹಾಕಬೇಕು. ಮಲಗುವಾಗ ಬೆನ್ನಿಗೆ ಮೂರು ದಿಂಬು ಒಟ್ಟಿ ಅರೆಕೂತಂತೆ ಮಲಗಿಸಬೇಕು. ಮೊದಲ ಮೂರು ದಿನ ಗಂಟೆಗೊಮ್ಮೆ ಉಪ್ಪುನೀರಿನ ತುಂತುರು ಹಾಕಬೇಕು. ಮೂರನೆಯ ದಿನ ಹಣೆ ಬಾತು, ಬಾವು ಕಣ್ಣಿಗಿಳಿದು, ಅವನಿಗೆ ಕಣ್ಣು ಬಿಡಲಾಗಲಿಲ್ಲ. ಅವಳೇ ತುತ್ತು ಮಾಡಿ ಉಣ್ಣಿಸಿದಳು. ಅವನು ಕುರುಡರ ಹಾಗೆ ಗಾಳಿಯಲ್ಲಿ ಕೈಯಾಡಿಸಿ ಅವಳ ಮುಂಗೈ ಹಿಡಿದುಕೊಂಡ. ಬಿಡು ಎನ್ನಲು ಅವಳಿಗೇನು ಹುಚ್ಚೇ.

ಐದನೆಯ ದಿನ ಸೋಮವಾರ. ರಾಮವ್ವ ಬೀರಪ್ಪನ ಗುಡಿಗೆ ಹೋಗಿ ಬಂದಳು. ಸೆರಗಿನ ತುದಿಯಲ್ಲಿ ಭಂಡಾರದ ಗಂಟು. ಬೀರಪ್ಪನ ಒಕ್ಕಲಲ್ಲಿ ಭಂಡಾರವೆಂದರೆ ಹಣೆಗೆ ಒಂದು ಚಿಟಿಕೆ ಹಚ್ಚಿ ಮುಗಿಯುವಂಥದಲ್ಲ. ಮುಷ್ಟಿ ತುಂಬ ಅರಿಷಿಣದ ಪುಡಿ ನೆತ್ತಿಯ ಮೇಲೆ ಬೀಳಬೇಕು, ಆಗಲೇ ದೇವರು ಮುಟ್ಟಿದ ಲೆಕ್ಕ. ರಾಮವ್ವ ಪಡಸಾಲೆಗೆ ಬಂದವಳೇ, ಕುರ್ಚಿಯಲ್ಲಿ ಕೂತಿದ್ದ ಮಗನ ಹಿಂದೆ ನಿಂತು, ದೇವರ ಹೆಸರು ಹೇಳಿ ಮುಷ್ಟಿ ಎತ್ತಿದಳು.

ಸುರೇಖಾ ಅಡುಗೆಮನೆಯ ಬಾಗಿಲಿನಿಂದ ಓಡಿ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ಎರಡೂ ಅಂಗೈ ಅವನ ತಲೆಯ ಮೇಲೆ ಚಪ್ಪರದ ಹಾಗೆ ಹಿಡಿದು, ಮೇಲೆ ತನ್ನ ತಲೆಯನ್ನೂ ಬಾಗಿಸಿದಳು. ಭಂಡಾರವೆಲ್ಲ ಅವಳ ಕೈಮೇಲೆ, ಬೈತಲೆಯ ಮೇಲೆ, ಕೆನ್ನೆಯ ಮೇಲೆ ಬಿತ್ತು. ಒಂದು ಕಣವೂ ಅವನ ಹಕ್ಕಳೆಗೆ ತಾಗಲಿಲ್ಲ.

"ದೇವರ ಭಂಡಾರಕ್ಕ ಅಡ್ಡ ಕೈ ಹಿಡಿತೀಯೇನ?" ಎಂದಳು ರಾಮವ್ವ. ಮೂರು ವರ್ಷದಲ್ಲಿ ಸೊಸೆಯ ಮುಖ ನೋಡಿ ಅವಳು ಆಡಿದ ಮೊದಲ ಮಾತು ಅದು.

ಗಾಯಕ್ಕೆ ಪುಡಿ ಬಿದ್ದರೆ ಕೀವಾಗುತ್ತದೆ ಎಂದು ಸುರೇಖಾ ಎಷ್ಟೋ ಹೇಳಿದಳು. ರಾಮವ್ವ ಕಿವಿಗೆ ಹಾಕಿಕೊಳ್ಳದೆ ಹಿತ್ತಲಿಗೆ ಹೋಗಿ ಎಮ್ಮೆಗೆ ಎಲ್ಲವನ್ನೂ ಹೇಳತೊಡಗಿದಳು. ಆಗ ಮುತ್ತುರಾಜ ನಕ್ಕ. ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿ, ಹಳದಿ ಹಳದಿಯಾಗಿ ನಿಂತವಳನ್ನು ನೋಡಿ, ಬಾಯಿ ತುಂಬ ನಕ್ಕ. ಆಮೇಲೆ ಹೆಬ್ಬೆರಳಿನಿಂದ ಅವಳ ಕೆನ್ನೆಯ ಭಂಡಾರವನ್ನು ಒರೆಸಿ, ಅದನ್ನೇ ಅವಳ ಹಣೆಗೆ, ಕುಂಕುಮದ ಮೇಲೆ, ಹಚ್ಚಿದ. ಮದುವೆಯ ಹೊಸದರಲ್ಲಿ ಗುಡಿಯಿಂದ ಬಂದಾಗಲೆಲ್ಲ ಅವನು ಹಾಗೆ ಮಾಡುತ್ತಿದ್ದ. ಸುರೇಖಾ ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮುಂದೆ ಕೂತು, ಸದ್ದಿಲ್ಲದೆ ಅತ್ತಳು. ಅದು ದುಃಖದ ಅಳುವಲ್ಲ.

ಏಳನೆಯ ದಿನ ಮಧ್ಯಾಹ್ನ ಶಮಶಾದಬಿಯ ಮಗ್ಗದ ಮುಂದೆ ಕೂತಿದ್ದಾಗ ಐಶ್ವರ್ಯಳ ಫೋನು ಬಂತು. ಕ್ಲಿನಿಕ್ಕಿನಲ್ಲಿ ಬರೆಸಿದ್ದದ್ದು ಸುರೇಖಾಳ ನಂಬರು. ಬಾವು ಇಳಿದಿದೆಯೇ, ತುರಿಕೆ ಇದೆಯೇ, ನಿನ್ನೆ ಕಳಿಸಿದ ಫೋಟೋ ಚೆನ್ನಾಗಿದೆ ಎಂದೆಲ್ಲ ಆ ಹುಡುಗಿ ನಗುನಗುತ್ತ ಮಾತಾಡಿದಳು. ಸುರೇಖಾ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೊಂಡಿ ಹಾಕುತ್ತಲೇ ಇದ್ದಳು.

"ಇನ್ನೊಂದ ಮಾತು ರೀ," ಎಂದಳು ಐಶ್ವರ್ಯ. "ಅವತ್ತ ಅವ್ರ ಮಂಪರಿನ್ಯಾಗ ಇದ್ರು, ಹೇಳಿದ್ದಿಲ್ಲ. ಒಂದ ತಿಂಗಳಾದ ಮ್ಯಾಲ ನೆಟ್ಟಿದ್ದ ಕೂದಲಾ ಎಲ್ಲಾ ಉದರತಾವ್ರಿ. ಅಂಜಬ್ಯಾಡ್ರಿ, ಬೇರ ಒಳಗ ಇರ್ತಾವ, ಮೂರ ನಾಕ ತಿಂಗಳಿಗೆ ಹೊಳ್ಳಿ ಬರ್ತಾವ. ಆದ್ರ ಲಗ್ನ ಎರಡ ತಿಂಗಳದಾಗ ಐತಿ ಅಂದಿದ್ರಲ್ಲ ನಿಮ್ಮ ಅಣ್ಣಾರು? ಸಾಧ್ಯ ಆದ್ರ ಮುಂದಕ್ಕ ಹಾಕ್ಕೋರಿ ಅಂತ ಹೇಳ್ರಿ."

ಸುರೇಖಾಳ ಬೆರಳು ನಿಂತವು. ಯಾರ ಅಣ್ಣ ಎಂದು ಕೇಳಿದಳು.

"ಮುತ್ತುರಾಜ ಅವ್ರ್ರಿ. ಕಾರ್ಡಿನ್ಯಾಗ ಬರ್ಸ್ಯಾರಲ್ರಿ, ಲಗ್ನ ಆಗಿಲ್ಲ, ಸಂಗಾಟ ಬಂದಾವ್ರು ತಂಗಿ ಸುರೇಖಾ ಅಂತ. ನೀವ ಅಲ್ರೇನು?"

ಶಮಶಾದಬಿ ಎದುರಿಗೇ ಇದ್ದಳು. ಹಾಸಿನ ಮೇಲೆ ಕೆಂಪು ಎಳೆಗಳು ಮೈಚಾಚಿ ಬಿದ್ದಿದ್ದವು. ಅಲ್ಲ, ನಾನು ಹೆಂಡತಿ ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಅದನ್ನು ಆ ನಗುವ ಹುಡುಗಿಗೆ ಹೇಳಿದರೆ, ಹೇಳಿದ ಕೂಡಲೇ ಎಲ್ಲವೂ ಖರೆಯಾಗಿಬಿಡುತ್ತದೆ ಎನ್ನಿಸಿತು ಅವಳಿಗೆ. ಹ್ಞೂಂ ರಿ, ನಾನೇ, ಹೇಳುತ್ತೇನೆ ಎಂದು ಫೋನಿಟ್ಟಳು. ಆಮೇಲೆ ಇನ್ನೂ ಒಂದು ತಾಸು ಕೊಂಡಿ ಹಾಕಿದಳು. ಅವತ್ತು ಹಾಕಿದ್ದರಲ್ಲಿ ಒಂದೂ ತಪ್ಪಿರಲಿಲ್ಲವೆಂದು ಶಮಶಾದಬಿ ಆಮೇಲೆ ಎಷ್ಟೋ ದಿನ ಅಚ್ಚರಿಪಡುತ್ತಿದ್ದಳು.

ಮನೆಗೆ ಬಂದು ರೊಟ್ಟಿ ಬಡಿಯುತ್ತ ಕೂತಾಗ ಒಂದೊಂದೇ ನೆನಪಿಗೆ ಬಂತು. ರಾಮವ್ವ ಎರಡು ತಿಂಗಳಲ್ಲಿ ಮೂರು ಸಲ, ಬೀಗರ ಪೈಕಿ ಯಾರಿಗೋ ಆರಾಮಿಲ್ಲವೆಂದು ಪಟ್ಟದಕಲ್ಲಿಗೆ ಹೋಗಿ ಬಂದದ್ದು. ಫೋಟೋ ಎಂದರೆ ಬೋಳುತಲೆಯಲ್ಲೇ, ಟೋಪಿ ತೆಗೆದೇ ನಿಲ್ಲುತ್ತಿದ್ದ ಗಂಡ, ಸ್ಟುಡಿಯೋಕ್ಕೆ ಹೋಗಿ ಟೋಪಿ ಹಾಕಿಕೊಂಡೇ ಫೋಟೋ ತೆಗೆಸಿಕೊಂಡದ್ದು. ಪಡಸಾಲೆಗೆ ಸುಣ್ಣ ಬಳಿಸಿದ್ದು. ಕಣ್ಣೆದುರಿಗೇ ಇದ್ದವು ಎಲ್ಲ. ತಾನು ಮಾತ್ರ ಹತ್ತು ದಿನ ಎಣಿಸುತ್ತ ಕೂತಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಬಂದಾಗಲೇ ಎಚ್ಚರವಾದದ್ದು.

ಮಾರನೆಯ ದಿನ, ಎಂಟನೆಯ ದಿನ, ಎಂದಿನಂತೆ ನೀರು ಕಾಯಿಸಿ ಸ್ಟೂಲು ಇಟ್ಟಳು. ಅವನು ಬಂದು ಕೂತ. ಕನ್ನಡಿಯಲ್ಲಿ ನೋಡಿಕೊಂಡು ಬಂದಿದ್ದನೆಂದು ಕಾಣುತ್ತದೆ, ಮುಖ ಸಿಡಿಮಿಡಿಯಾಗಿತ್ತು.

"ನಾಳೆ ಯಾರೋ ಬರಾವ್ರು ಅದಾರ," ಎಂದ. "ಇವು ಹಿಂಗ ಇದ್ರ ಹೊಲಸ ಕಾಣ್ತೈತಿ. ಇವತ್ತ ತಿಕ್ಕಿ ತಗದ ಬಿಡು."

ಹತ್ತು ದಿನ ಆಗಬೇಕಲ್ಲ ಎಂದಳು. ಒಣಗಿವೆ, ಏನೂ ಆಗುವುದಿಲ್ಲ, ನಾನೇ ಹೇಳುತ್ತಿದ್ದೇನಲ್ಲ, ತೆಗಿ ಎಂದ ಅವನು.

ಅವಳು ನೊರೆ ಹಚ್ಚಿದಳು. ಹಕ್ಕಳೆಗಳು ನೆಂದು ಮೆತ್ತಗಾದವು. ಅವಳ ಹೆಬ್ಬೆರಳಿನ ಉಗುರು ಒಂದರ ಅಂಚಿಗೆ ಹೋಗಿ ನಿಂತಿತು. ಅದು ಹೇಗೆ ಏಳುತ್ತದೆ, ಏಳುವಾಗ ಒಳಗಿನ ಬೇರನ್ನು ಹೇಗೆ ಹಿಡಿದೆಳೆದುಕೊಂಡು ಬರುತ್ತದೆ ಎಂಬುದು ಎಳೆಗಳ ನಡುವೆಯೇ ಬದುಕಿದ ಆ ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಅವನೇ ಹೇಳಿದ್ದಾನೆ. ಯಾರೂ ಅವಳನ್ನು ದೂರುವ ಹಾಗಿಲ್ಲ. ಹತ್ತು ಸಲ ಬೆರಳಾಡಿಸಿದರೆ ಸಾಕು, ಪಟ್ಟದಕಲ್ಲಿನವರು ನಾಳೆ ಬಂದು ರಕ್ತ ಜಿನುಗುವ ಬೋಳುತಲೆಯನ್ನು ನೋಡಿಕೊಂಡು ಹೋಗುತ್ತಾರೆ. ಉಗುರು ಅಲ್ಲೇ ಊರಿಕೊಂಡಿತು. ಅವನ ಕುತ್ತಿಗೆಯ ಮೇಲೆ ಒಂದು ಹನಿ ಇಳಿಯಿತು. ಚಳಿಗೋ ಏನೋ, ಅವನು ಕೂಸಿನ ಹಾಗೆ ಭುಜ ಕುಗ್ಗಿಸಿದ.

ಉಗುರು ಹಿಂದೆ ಬಂತು.

"ಈಗ ಕಿತ್ತರ ಬೇರ ಕೂಡ ಬರ್ತಾವ್ರಿ," ಎಂದಳು. "ಹೆಣ್ಣಿನವ್ರಿಗೆ ಎರಡ ದಿನಾ ಬಿಟ್ಟ ಬರ್ರಿ ಅಂತ ಹೇಳ್ರಿ."

ಅವನು ತಿರುಗಲಿಲ್ಲ. ತಿರುಗಿದ್ದರೆ ಅವನ ಮುಖದಲ್ಲಿ ಏನಿತ್ತೆಂದು ಅವಳಿಗೆ ಗೊತ್ತಾಗುತ್ತಿತ್ತು. ಹಿಂಬದಿಯ ಬೋಳು ತಲೆ, ಎರಡು ಕಿವಿ, ಇಷ್ಟೇ ಅವಳ ಮುಂದಿದ್ದದ್ದು. ಅವ್ವ ಹೇಳಿದಳೇನು ಎಂದು ಕೇಳಿದ. ಇಲ್ಲ, ದವಾಖಾನೆಯಲ್ಲಿ ನಾನು ನಿಮ್ಮ ತಂಗಿಯಂತೆ, ಅವರೇ ಹೇಳಿದರು ಎಂದಳು. ಅವನು ಬಡಬಡ ಮಾತಾಡತೊಡಗಿದ. ಬರೆದುಕೊಳ್ಳುವ ಹುಡುಗಿ ಏಕೆ ಮಾಡಿಸಿಕೊಳ್ಳುತ್ತೀರಿ ಎಂದಳು, ಲಗ್ನ ಎಂದೆ, ಇವರು ಯಾರು ಎಂದಳು, ಬಾಯಿಗೆ ಅದೇ ಬಂತು. ಅವ್ವ ಬೆನ್ನು ಹತ್ತಿದ್ದಾಳೆ. ಮನೆತನ ನಿಲ್ಲಬೇಕಂತೆ. ನನಗೂ ಮೂವತ್ತಾರಾಯಿತು. ನಿನ್ನನ್ನು ಬೀದಿಗೆ ಬಿಡುವುದಿಲ್ಲ. ಒಂದಾದ ಮೇಲೊಂದು ಇಂಥವೇ ಬಂದವು.

ಸುರೇಖಾ ಎಲ್ಲ ಕೇಳಿಸಿಕೊಂಡಳು. ಅವಳಿಗೆ ತಿಳಿಯಬೇಕಾದದ್ದು ಅದ್ಯಾವುದೂ ಅಲ್ಲ.

"ಅವತ್ತ ಭಂಡಾರ ಯಾಕ ಹಚ್ಚಿದ್ರಿ ನನಗ?" ಎಂದಳು.

ನಲ್ಲಿಯ ಬಾಯಲ್ಲಿ ಒಂದು ಹನಿ ಕೂಡಿಕೊಂಡು ಬಿತ್ತು, ಇನ್ನೊಂದು ಕೂಡಿಕೊಂಡು ಬಿತ್ತು. ಅವಳು ಲೋಟ ಎತ್ತಿಕೊಂಡು, ನೀರು ಆರುತ್ತದೆ, ಅಲುಗಾಡಬೇಡಿ ಎಂದು ಹೇಳಿ ನೊರೆ ತೊಳೆದಳು. ಅವನು ಅಳುತ್ತಿದ್ದನೋ, ನೀರೇ ಕೆನ್ನೆಗಿಳಿಯುತ್ತಿತ್ತೋ, ಹಿಂದೆ ನಿಂತವಳಿಗೆ ಕಾಣಲಿಲ್ಲ.

ಹೆಣ್ಣಿನವರು ಎರಡು ದಿನ ಬಿಟ್ಟೇ ಬರುವುದಾಯಿತು. ಹತ್ತನೆಯ ದಿನ ಬೆಳಗ್ಗೆ ಸುರೇಖಾ ಬಿಳಿ ಟವೆಲ್ಲು ಅವನ ಹೆಗಲಿಗೆ ಹೊದಿಸಿದಳು. ಅರ್ಧ ತಾಸು ನೆನೆಸಿ, ಬೆರಳ ತುದಿಯಿಂದ ಸಣ್ಣ ಸಣ್ಣ ಸುತ್ತು ಹಾಕುತ್ತ ಹೋದಳು. ಹಕ್ಕಳೆಗಳು ಒಂದೊಂದಾಗಿ ಬಿಟ್ಟುಕೊಂಡು ಟವೆಲ್ಲಿಗೆ ಬಿದ್ದವು. ಬಿಡದಿದ್ದವುಗಳ ಹತ್ತಿರ ನಿಂತು, ಮತ್ತೆ ನೀರಿಟ್ಟು, ಕಾದು, ಮತ್ತೆ ಮುಟ್ಟಿದಳು. ರಾಮವ್ವ ಎರಡು ಸಲ ಬಾಗಿಲಿಗೆ ಬಂದು ಇಣುಕಿ ಹೋದಳು. ಎಲ್ಲ ಮುಗಿಯುವಷ್ಟರಲ್ಲಿ ಬಿಸಿಲು ಬಚ್ಚಲ ಗೋಡೆಯಿಂದ ನೆಲಕ್ಕಿಳಿದಿತ್ತು. ತಲೆ ಎಳೆಗೂಸಿನ ತಲೆಯ ಹಾಗೆ ಗುಲಾಬಿಯಾಗಿ, ಅದರ ಮೇಲೆ ಕರಿಯ ಚುಕ್ಕೆ ಚುಕ್ಕೆಯಾಗಿ ಕೂದಲು, ಒಂದೂ ಹಾಳಾಗದೆ ನಿಂತಿತ್ತು. ಛಲೋ ಆಗೈತಿ ಎಂದಳು. ಅವನು ಕನ್ನಡಿ ನೋಡಲಿಲ್ಲ.

ಅವತ್ತೇ ಮಧ್ಯಾಹ್ನ ಅವಳು ಒಂದು ಚೀಲ ತೆಗೆದುಕೊಂಡು ಶಮಶಾದಬಿಯ ಮನೆಗೆ ಬಂದಳು. ಬರುವ ಮೊದಲು ಒಂದು ಹಾಳೆಯಲ್ಲಿ, ಸಾಲಿಯಲ್ಲಿ ಕಲಿತ ದುಂಡಕ್ಷರದಲ್ಲಿ, ಎಲ್ಲ ಬರೆದು ಕನ್ನಡಿಯ ಪಕ್ಕಕ್ಕೆ ಅಂಟಿಸಿದಳು. ತಿಂಗಳ ತನಕ ಬಿಸಿಲಿಗೆ ಹೋಗಬಾರದು. ಹೆಲ್ಮೆಟ್ ಬೇಡ. ಎಣ್ಣೆ ಬೇಡ. ಕಾರ್ಖಾನೆಯಲ್ಲಿ ಸಡಿಲ ಟೋಪಿ ಹಾಕಬೇಕು, ಧೂಳು ಕೂಡಿಸಬಾರದು. ಗುಳಿಗೆ ಊಟವಾದ ಮೇಲೆ. ತುರಿಸಿದರೆ ಉಗುರು ಹಾಕಬಾರದು.

ಒಂದನ್ನು ಬರೆಯಲಿಲ್ಲ. ಮರೆತಳು ಎಂದು ಹೇಳಿದರೆ ನೀವು ನಂಬುತ್ತಿದ್ದಿರಿ, ಆದರೆ ಅವಳು ಮರೆತಿರಲಿಲ್ಲ. ತಿಂಗಳಾದ ಮೇಲೆ ಕೂದಲು ಉದುರುತ್ತವೆ, ಅಂಜಬೇಡಿ ಎನ್ನುವುದನ್ನು ಬರೆಯಲು ಪೆನ್ನು ಊರಿದವಳು, ಹಾಗೆಯೇ ಎತ್ತಿಬಿಟ್ಟಳು. ಸೇಡಿಗಲ್ಲ. ಅದೊಂದು ತನ್ನ ಹತ್ತಿರ ಉಳಿದರೆ, ಅದನ್ನು ಕೇಳುವುದಕ್ಕಾದರೂ ಅವನು ಒಂದು ಸಲ ಫೋನು ಮಾಡಬೇಕಾಗುತ್ತದಲ್ಲ. ಆಗ ಹೊತ್ತು ಹೇಗಿರುತ್ತದೋ, ಅವನ ಮನಸ್ಸು ಹೇಗಿರುತ್ತದೋ. ಅಷ್ಟು ಕಂಡ ಮೇಲೂ ಅವಳ ಆಸೆ ಸತ್ತಿರಲಿಲ್ಲ. ಅದಕ್ಕೆ ಯಾರೇನು ಮಾಡಲಾಗುತ್ತದೆ.

ಹದಿನೈದು ದಿನಕ್ಕೆ ದೈವದ, ಅಂದರೆ ಕುಲಪಂಚಾಯಿತಿಯ, ಹಿರಿಯರು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಸೇರಿದರು. ಸೋಡಚೀಟಿ ಬರೆಯಬೇಕು, ಗಂಡಹೆಂಡಿರ ಬಿಡುಗಡೆಯ ಕಾಗದ. ಕೋರ್ಟಿನಲ್ಲಿ ಅದು ನಡೆಯುತ್ತದೋ ಇಲ್ಲವೋ, ದೈವದವರಿಗೆ ನಡೆಯುತ್ತಿತ್ತು. ತವರಿನಿಂದ, ತುಳಸಿಗೇರಿಯಿಂದ, ಅಣ್ಣ ಹಣಮಪ್ಪ ಬಂದಿದ್ದ. ನನ್ನ ತಂಗಿಯ ತಪ್ಪೇನು ಹೇಳಿ ಎಂದು ಅವನು ಕಟ್ಟೆಯ ಮುಂದೆ ನಿಂತು ಕೇಳಿದ. ಮಕ್ಕಳಾಗಲಿಲ್ಲ ಎಂಬ ಮಾತು ಹಿರಿಯರ ಬಾಯಿಗೆ ಬರಲಿಲ್ಲ, ಅಷ್ಟು ಮರ್ಯಾದೆ ಅವರಿಗಿತ್ತು. ರಾಮವ್ವ ಎದ್ದು, ದೇವರ ಭಂಡಾರಕ್ಕೆ ಅಡ್ಡ ಕೈ ಹಿಡಿದವಳು ಇವಳು, ಬೀರಪ್ಪನ ಆಶೀರ್ವಾದ ನನ್ನ ಮಗನ ತಲೆಗೆ ಬೀಳಗೊಡಲಿಲ್ಲ ಎಂದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಡಿದದ್ದು ಖರೆಯೇನವಾ ಎಂದು ಅವರಲ್ಲಿ ಒಬ್ಬ ಕೇಳಿದ.

ಸುರೇಖಾ ಮುತ್ತುರಾಜನ ಕಡೆ ನೋಡಿದಳು. ಯಾಕೆ ಹಿಡಿದಳೆಂದು ಹೇಳಬಲ್ಲವನು ಅಲ್ಲಿ ಅವನೊಬ್ಬನೇ. ಅವನು ಟೋಪಿ ಹಾಕಿಕೊಂಡಿದ್ದ. ಟೋಪಿ ಸಡಿಲವಾಗಿತ್ತು, ಅವಳು ಬರೆದಿಟ್ಟ ಹಾಗೆಯೇ. ಅವನು ತನ್ನ ಕಾಲ್ಬೆರಳು ನೋಡುತ್ತ ಕೂತಿದ್ದ.

"ಖರೆ," ಎಂದು ಹೇಳಿ ಸುರೇಖಾ ಸೋಡಚೀಟಿಗೆ ಸಹಿ ಮಾಡಿದಳು.

ಹಣಮಪ್ಪ ಎಷ್ಟು ಕರೆದರೂ ತವರಿಗೆ ಹೋಗಲಿಲ್ಲ. ಶಮಶಾದಬಿಯ ಮನೆಯ ಹಿಂದಿನ ಕೋಣೆಯಲ್ಲೇ ಉಳಿದಳು. ಬೆಳಗಿನಿಂದ ಸಂಜೆಯ ತನಕ ಕೊಂಡಿ. ಹಗಲು ಹೇಗೋ ಕಳೆಯುತ್ತಿತ್ತು. ಫೋನನ್ನು ಮಾತ್ರ ಬೂದಿಯ ಬಟ್ಟಲ ಪಕ್ಕದಲ್ಲೇ, ಮುಖ ಮೇಲೆ ಮಾಡಿ ಇಟ್ಟುಕೊಳ್ಳುತ್ತಿದ್ದಳು. ಶಮಶಾದಬಿಗೆ ಅದು ಗೊತ್ತಿತ್ತು. ಬಾಯಿ ಬಿಟ್ಟು ಏನನ್ನೂ ಕೇಳದ ದೊಡ್ಡತನ ಆ ಹೆಂಗಸಿಗಿತ್ತು.

ಅವನು ಕೂದಲು ನೆಡಿಸಿಕೊಂಡ ಐದನೆಯ ವಾರದ ಗುರುವಾರ, ಮಧ್ಯಾಹ್ನದ ಊಟ ಮುಗಿಸಿ ಕೂತಾಗ ಫೋನು ಬಂತು. ಅವನ ಹೆಸರು. ಬೂದಿಗೈಯಲ್ಲೇ ಎತ್ತಿದಳು.

"ಸುರೇಖಾ," ಎಂದ ಮುತ್ತುರಾಜ. ಅವನು ಅವಳ ಹೆಸರು ಹಿಡಿದು ಕರೆಯದೆ ಎಷ್ಟೋ ದಿನವಾಗಿತ್ತು. ದನಿ ನಡುಗುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಕೂದಲಾ ಉದರಾಕತ್ತಾವು. ದಿಂಬಿನ ಮ್ಯಾಲ, ಟೋಪಿ ಒಳಗ, ಎಲ್ಲಾ ಕಡೆ ಅವ. ಬರೂ ಸೋಮವಾರ ಅಕ್ಕಿಕಾಳ ಐತಿ. ಎಲ್ಲಾ ಹಾಳಾತೇನ?"

ಅಕ್ಕಿಕಾಳು ಬೀಳುವ ಮದುವೆಗೆ ಇನ್ನು ನಾಲ್ಕು ದಿನ. ಅವಳು ಏನನ್ನಾದರೂ ಹೇಳಬಹುದಿತ್ತು. ಹಾಳಾಯಿತು ಎನ್ನಬಹುದಿತ್ತು, ನನ್ನನ್ನೇಕೆ ಕೇಳುತ್ತೀ ಎನ್ನಬಹುದಿತ್ತು. ಆಚೆ ಅವನು ಉಸಿರು ಹಿಡಿದು ಕಾಯುತ್ತಿದ್ದದ್ದು ಕೇಳಿಸುತ್ತಿತ್ತು. ಕಣ್ಣು ಬಾತಿದ್ದ ದಿನ ಅವಳ ಮುಂಗೈ ಹಿಡಿದುಕೊಂಡಾಗಲೂ ಹೀಗೇ ಉಸಿರು ಹಿಡಿದಿದ್ದ.

"ಹಾಳಾಗಿಲ್ರಿ," ಎಂದಳು. "ಉದರತಾವ. ಎಲ್ಲಾರಿಗೂ ಉದರತಾವಂತ. ಬೇರ ಒಳಗ ಇರ್ತಾವ. ಮೂರ ನಾಕ ತಿಂಗಳಿಗೆ ಹೊಳ್ಳಿ ಬರ್ತಾವ."

"ಖರೇನ?"

"ಖರೆ. ಅಂಜಬ್ಯಾಡ್ರಿ."

ಅವನು ಹಿಡಿದ ಉಸಿರು ಬಿಟ್ಟ. ಸುರೇಖಾ ಕಾದಳು. ಹೇಗಿದ್ದೀ ಎಂದು ಕೇಳುತ್ತಾನೆ. ಅದಲ್ಲದಿದ್ದರೆ, ಕೊಂಡಿ ಹಾಕುತ್ತಿದ್ದೀಯಾ ಎಂದಾದರೂ. ಆಚೆ ಎಮ್ಮೆ ಒಂದು ಸಲ ಕೂಗಿತು. ಯಾರೋ ಹೆಂಗಸರು ನಗುತ್ತಿದ್ದರು.

ಸರಿ, ಇಡುತ್ತೇನೆ ಎಂದ ಮುತ್ತುರಾಜ.

ಫೋನನ್ನು ಅವಳು ಬಟ್ಟಲ ಪಕ್ಕದಲ್ಲಿಟ್ಟಳು. ಯಾರದವಾ ಎಂದು ಶಮಶಾದಬಿ ಮೆಲ್ಲಗೆ ಕೇಳಿದಳು.

"ದವಾಖಾನಿ ಮಾತು ರೀ," ಎಂದಳು ಸುರೇಖಾ.

ಮತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡು ಹಾಸಿನ ಮೇಲೆ ಬಾಗಿದಳು. ಎಷ್ಟನೆಯ ಎಳೆಯಲ್ಲಿದ್ದಳೋ ತಪ್ಪಿಹೋಗಿತ್ತು. ಕೆಂಪು ಎಳೆಗಳೆಲ್ಲ ಒಂದರ ಹಾಗೆ ಒಂದು ಬಿದ್ದಿದ್ದವು. ಸ್ವಲ್ಪ ಹೊತ್ತು ಹುಡುಕಿದಳು. ಆಮೇಲೆ ಅಂಚಿನ ಮೊದಲ ಎಳೆಗೆ ಬಂದು, ಒಂದೊಂದನ್ನೇ ಮುಟ್ಟಿ ನೋಡುತ್ತ, ಮತ್ತೆ ಎಣಿಸತೊಡಗಿದಳು.